ಸಾವ್ಕಾರ್ರು ಊರಲ್ಲಿಲ್ಲದಾಗ ಫೋನ್ ಯಾಕೆ ಕೆಡುತ್ತದೆ? ಅಂಗಡಿಯ ಇಂಟರ್‌ನೆಟ್ ಫೋನಿಗೆ ಬ್ಯಾಂಡ್‌ವಿಡ್ತ್ ಲೆಕ್ಕ

ದಾವಣಗೆರೆ ಮಂಡಿಪೇಟೆಯ ಒಂದು ಬಟ್ಟೆ ಅಂಗಡಿಯ ಗುಮಾಸ್ತರು ಕೇಳಿದ್ದು: "ಸಾವ್ಕಾರ್ರು ಊರಲ್ಲಿದ್ರೆ ಫೋನ್ ಚೆನ್ನಾಗಿರುತ್ತೆ ಸರ್. ಅವರು ಸೂರತ್ತಿಗೆ ಖರೀದಿಗೆ ಹೋದ್ರೆ ಸಾಕು, ಎಲ್ಲರ ಮಾತೂ ತುಂಡು ತುಂಡು. ಏನಿದು?" ಅದನ್ನು ಕೇಳಿಸಿಕೊಂಡವರು ನಕ್ಕರು. ಆದರೆ ಗುಮಾಸ್ತರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಸಾವ್ಕಾರ್ರು ಹೊರಡುವಾಗ ತಮ್ಮ ಟೇಬಲ್ಲಿನ ಫೋನಿಗೆ ಬರುವ ಕರೆಗಳೆಲ್ಲ ಮೊಬೈಲಿಗೆ ಹೋಗಲಿ ಅಂತ ಫಾರ್ವರ್ಡ್ ಒತ್ತಿ ಹೋಗುತ್ತಿದ್ದರು. ಅಲ್ಲಿಂದಾಚೆಗೆ ಅವರಿಗೆ ಬಂದ ಒಂದೊಂದು ಕರೆಯೂ ಅಂಗಡಿಯ ಇಂಟರ್‌ನೆಟ್ ತಂತಿಯನ್ನು ಎರಡೆರಡು ಸಲ ದಾಟುತ್ತಿತ್ತು.

"ನೂರು ಎಂಬಿಪಿಎಸ್ ಪ್ಲಾನ್ ಇದೆ, ಹತ್ತು ಫೋನಿಗೆ ಸಾಲದಾ?" ಎಂಬ ಪ್ರಶ್ನೆ ಓದುಗರಿಂದ ಮತ್ತೆ ಮತ್ತೆ ಬರುತ್ತಿದೆ. ಫೋನ್ ಎಷ್ಟಿವೆ ಎಂಬುದರಿಂದ ಇದಕ್ಕೆ ಉತ್ತರ ಸಿಗುವುದಿಲ್ಲ. ಹೋಲ್ಡ್, ಟ್ರಾನ್ಸ್‌ಫರ್, ಫಾರ್ವರ್ಡ್, ರೆಕಾರ್ಡಿಂಗ್ ಇವುಗಳಲ್ಲಿ ಯಾವುದನ್ನು ಹೇಗೆ ಬಳಸುತ್ತೀರಿ ಎಂಬುದರ ಮೇಲೆ ಲೆಕ್ಕ ನಿಂತಿದೆ. ಆ ಲೆಕ್ಕವನ್ನು ನೀವೇ ಹಾಕಿಕೊಳ್ಳುವ ಕ್ರಮ ಮುಂದಿದೆ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ರೂಟರ್‌ನ ಪಾಸ್‌ವರ್ಡ್ (ಇಂಟರ್‌ನೆಟ್ ಹಾಕಿದ ಹುಡುಗನ ಹತ್ತಿರ ಮಾತ್ರ ಇದ್ದರೆ ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ), ಫೋನ್ ಪೆಟ್ಟಿಗೆಯ ಅಡ್ಮಿನ್ ಲಾಗಿನ್, ಫೋನ್ ಕಂಪನಿಯ ಒಪ್ಪಂದದ ಕಾಗದ, ಕೇಬಲ್ ಹಾಕಬಲ್ಲ ಒಂದು ಲ್ಯಾಪ್‌ಟಾಪ್, ಒಂದು ಹಾಳೆ, ಪೆನ್ನು.

1. ಫೋನ್ ಪೆಟ್ಟಿಗೆ ಎಲ್ಲಿದೆ ಅಂತ ಮೊದಲು ಖಚಿತ ಮಾಡಿಕೊಳ್ಳಿ

ನಾವು ಇಂಟರ್‌ಕಾಮ್ ಅಂತಲೋ ಇಪಿಎಬಿಎಕ್ಸ್ ಅಂತಲೋ ಕರೆಯುವ ಪೆಟ್ಟಿಗೆಯ ಹೊಸ ತಲೆಮಾರೇ ಐಪಿ ಪಿಬಿಎಕ್ಸ್. ಕೆಲಸ ಹಳೆಯದೇ: ಎಕ್ಸ್‌ಟೆನ್ಶನ್ ನಂಬರುಗಳ ನಡುವೆ ಕರೆ ಹಂಚುವುದು, ಹೊರಗಿನ ಕರೆಯನ್ನು ಒಳಕ್ಕೆ ಬಿಡುವುದು. ವ್ಯತ್ಯಾಸ ಇಷ್ಟೇ, ಇಲ್ಲಿ ಮಾತು ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಇಂಟರ್‌ನೆಟ್ ತಂತಿಯಲ್ಲಿ ಹೋಗುತ್ತದೆ. ನಿಮ್ಮದು ಈ ಮೂರರಲ್ಲಿ ಒಂದಾಗಿರುತ್ತದೆ.

ಒಂದು, ಪೆಟ್ಟಿಗೆ ಅಂಗಡಿಯಲ್ಲೇ ಇದೆ, ಹೊರಗಿನ ಲೈನ್ ಮಾತ್ರ ಹಳೆಯ ತಾಮ್ರದ ತಂತಿ ಅಥವಾ ಪಿಆರ್‌ಐ. ಪಿಆರ್‌ಐ ಎಂದರೆ ಒಂದೇ ಸಂಪರ್ಕದಲ್ಲಿ 30 ಕರೆ ಹೊರುವ ಡಿಜಿಟಲ್ ಲೈನ್, ಅದರ 2.048 ಎಂಬಿಪಿಎಸ್ ಪೂರ್ತಿ ಅದಕ್ಕೇ ಮೀಸಲು. ಹೀಗಿದ್ದರೆ ಹೊರಗಿನ ಕರೆಗೂ ನಿಮ್ಮ ಇಂಟರ್‌ನೆಟ್ಟಿಗೂ ಸಂಬಂಧವಿಲ್ಲ. ಶಾಖೆಯ ಫೋನುಗಳು ಇಂಟರ್‌ನೆಟ್ ಮೇಲೆ ಬರುತ್ತಿದ್ದರೆ ಮಾತ್ರ ಮುಂದೆ ಓದಿ.

ಎರಡು, ಪೆಟ್ಟಿಗೆ ಅಂಗಡಿಯಲ್ಲಿದೆ, ಹೊರಗಿನ ಲೈನ್ ಎಸ್‌ಐಪಿ ಟ್ರಂಕ್. ಟೆಲಿಕಾಂ ಕಂಪನಿ ಇಂಟರ್‌ನೆಟ್ ತಂತ್ರದಲ್ಲಿ ಕೊಡುವ ಫೋನ್ ಲೈನ್ ಗೊಂಚಲಿಗೆ ಆ ಹೆಸರು. ಅದು ಬೇರೆಯೇ ಫೈಬರ್ ಮೇಲೆ ಬರುತ್ತಿದೆಯೋ, ಅಂಗಡಿಯ ಇಂಟರ್‌ನೆಟ್ ಮೇಲೋ ಕೇಳಿ ತಿಳಿದುಕೊಳ್ಳಿ. ಬೇರೆ ಫೈಬರ್ ಇದ್ದರೆ ಎರಡಕ್ಕೂ ಬೇರೆ ಬೇರೆ ಲೆಕ್ಕ ಹಾಕಬೇಕು.

ಮೂರು, ಅಂಗಡಿಯಲ್ಲಿ ಪೆಟ್ಟಿಗೆಯೇ ಇಲ್ಲ, ಬರೀ ಫೋನುಗಳಿವೆ. ತಿಂಗಳ ಬಾಡಿಗೆ ಕಟ್ಟುವ ಕ್ಲೌಡ್ ವ್ಯವಸ್ಥೆ. ಪೆಟ್ಟಿಗೆ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಯಾರದೋ ಸರ್ವರಿನಲ್ಲಿದೆ.

ಎರಡನೆಯದರಲ್ಲಿ ತಂತಿಗೆ ಭಾರವಾಗುವ ಸೌಲಭ್ಯ ಮೂರನೆಯದರಲ್ಲಿ ಪುಕ್ಕಟೆ, ಮೂರನೆಯದರಲ್ಲಿ ಭಾರವಾಗುವುದು ಎರಡನೆಯದರಲ್ಲಿ ಪುಕ್ಕಟೆ. ಪಕ್ಕದ ಅಂಗಡಿಯವರ ಸಲಹೆ ನಿಮ್ಮಲ್ಲಿ ಉಲ್ಟಾ ಹೊಡೆಯುವುದು ಇದೇ ಕಾರಣಕ್ಕೆ.

ಒಂದು ಎಚ್ಚರಿಕೆ. ಟ್ರಂಕನ್ನು ಪರವಾನಗಿ ಇರುವ ಟೆಲಿಕಾಂ ಕಂಪನಿಯಿಂದಲೇ ತೆಗೆದುಕೊಳ್ಳಿ. "ಹತ್ತು ಸಿಮ್ ಹಾಕಿ ಇಂಟರ್‌ನೆಟ್ ಕರೆಗಳನ್ನು ಮೊಬೈಲ್ ನೆಟ್‌ವರ್ಕಿಗೆ ತಿರುಗಿಸುವ ಪೆಟ್ಟಿಗೆ ಕೊಡ್ತೀವಿ, ಅಗ್ಗ" ಎಂದು ಬರುವವರನ್ನು ಬಾಗಿಲಲ್ಲೇ ಕಳಿಸಿ. ಅದು ಅಕ್ರಮ ಎಕ್ಸ್‌ಚೇಂಜ್ ಪ್ರಕರಣವಾಗುತ್ತದೆ.

2. ಅಪ್‌ಲೋಡ್ ಅಳೆಯಿರಿ, ಅದೂ ವ್ಯಾಪಾರದ ಹೊತ್ತಿನಲ್ಲಿ

ಪ್ಲಾನಿನ ಕಾಗದದ ಮೇಲೆ ದಪ್ಪಕ್ಷರದಲ್ಲಿರುವುದು ಡೌನ್‌ಲೋಡ್ ವೇಗ. ಫೋನಿನಲ್ಲಿ ನೀವು ಕೇಳಿದಷ್ಟೇ ಹೊತ್ತು ನಿಮ್ಮ ಕಡೆಯಿಂದಲೂ ಮಾತು ಹೋಗುತ್ತಿರುತ್ತದೆ, ಹಾಗಾಗಿ ಎರಡು ದಿಕ್ಕಿಗೂ ಸಮ ಜಾಗ ಬೇಕು. ಮೊದಲು ಕೈಕೊಡುವುದು ಸಾಮಾನ್ಯವಾಗಿ ಅಪ್‌ಲೋಡ್. 2023ರಿಂದ ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ಇರಬೇಕು (ಅದಕ್ಕೆ ಮುಂಚೆ 512 ಕೆಬಿಪಿಎಸ್ ಇತ್ತು). ಆ ಅಳತೆ ಕೂಡ ಡೌನ್‌ಲೋಡಿನದೇ.

ಲ್ಯಾಪ್‌ಟಾಪನ್ನು ಕೇಬಲ್‌ನಿಂದಲೇ ರೂಟರಿಗೆ ಜೋಡಿಸಿ. ವೈಫೈನಲ್ಲಿ ಅಳೆದರೆ ನೀವು ಅಳೆಯುವುದು ವೈಫೈಯನ್ನು. ಬೆಳಗ್ಗೆ 11ಕ್ಕೆ, ಮಧ್ಯಾಹ್ನ, ಸಂಜೆ 6ಕ್ಕೆ, ಮೂರು ದಿನ ಸ್ಪೀಡ್ ಟೆಸ್ಟ್ ಮಾಡಿ ಅಪ್‌ಲೋಡ್ ಸಂಖ್ಯೆ ಬರೆದುಕೊಳ್ಳಿ. ಸರಾಸರಿ ತೆಗೆಯಬೇಡಿ, ಎಲ್ಲಕ್ಕಿಂತ ಕಡಿಮೆ ಬಂದ ಸಂಖ್ಯೆಯನ್ನೇ ಇಟ್ಟುಕೊಳ್ಳಿ. ಸರಾಸರಿ ಆಳ ಮೂರೇ ಅಡಿ ಎಂದು ನಂಬಿ ಕಾಲುವೆ ದಾಟುವವರಿಲ್ಲವಲ್ಲ.

ಇನ್ನೊಂದು ಪರೀಕ್ಷೆಯನ್ನು ಬಹಳ ಜನ ಮಾಡುವುದಿಲ್ಲ, ನನಗೆ ಸ್ಪೀಡ್ ಟೆಸ್ಟ್‌ಗಿಂತ ಇದರ ಮೇಲೆಯೇ ನಂಬಿಕೆ. ಲ್ಯಾಪ್‌ಟಾಪಿನಲ್ಲಿ ಪಿಂಗ್ ಓಡಲು ಬಿಡಿ. ಅಂದರೆ ಹೊರಗಿನ ಒಂದು ವಿಳಾಸಕ್ಕೆ ಸಣ್ಣ ಸಂದೇಶ ಕಳಿಸಿ, ಹೋಗಿ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂದು ನೋಡುವುದು. ಅದು ಓಡುತ್ತಿರುವಾಗಲೇ ಒಂದು ದೊಡ್ಡ ವಿಡಿಯೊ ಫೈಲನ್ನು ಡ್ರೈವ್‌ಗೆ ಏರಿಸಲು ಹಾಕಿ. ಪಿಂಗ್ 20 ಇದ್ದದ್ದು 30, 40 ಆದರೆ ಸರಿ. 300, 500ಕ್ಕೆ ಜಿಗಿದರೆ ನಿಮ್ಮ ತೊಂದರೆಯ ಬೇರು ಸಿಕ್ಕಿತು. ದೊಡ್ಡ ಫೈಲಿನ ಪ್ಯಾಕೆಟ್‌ಗಳ ಹಿಂದೆ ಮಾತಿನ ಪ್ಯಾಕೆಟ್‌ಗಳು ಸರದಿಯಲ್ಲಿ ನಿಂತು ಕಾಯುತ್ತಿವೆ. ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲುಪಲು 150 ಮಿಲಿಸೆಕೆಂಡ್ ಮೀರಬಾರದು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು. ಅದನ್ನು ಮೀರಿದಾಗ ಇಬ್ಬರೂ ಒಟ್ಟಿಗೆ ಮಾತಾಡಿ, ಒಟ್ಟಿಗೆ ನಿಲ್ಲಿಸಿ, "ಹಲೋ ಹಲೋ" ಶುರುವಾಗುತ್ತದೆ.

ಎಫ್‌ಯುಪಿಯನ್ನೂ ಮರೆಯಬೇಡಿ. ತಿಂಗಳ ಡೇಟಾ ಕೋಟಾ ಮುಗಿದ ಮೇಲೆ ಕಂಪನಿ ವೇಗ ಇಳಿಸುವ ನಿಯಮ ಅದು. "ತಿಂಗಳ ಕೊನೆ ವಾರ ಮಾತ್ರ ಫೋನ್ ಸರಿಯಿರಲ್ಲ" ಎನ್ನುವವರು ಮೊದಲು ಇಳಿದ ಮೇಲಿನ ವೇಗ ಎಷ್ಟು ಎಂದು ಕಾಗದದಲ್ಲಿ ನೋಡಲಿ.

3. ಒಂದು ಎಳೆಯ ತೂಕ ತಿಳಿಯಿರಿ

ಇಲ್ಲಿಂದ ಮುಂದೆ ನಾನು "ಕರೆ" ಎಂದು ಎಣಿಸುವುದಿಲ್ಲ, "ಎಳೆ" ಎಂದು ಎಣಿಸುತ್ತೇನೆ. ಮಾತು ನಿಮ್ಮ ರೂಟರನ್ನು ಒಂದು ಸಲ ದಾಟಿದರೆ ಒಂದು ಎಳೆ: ಹೋಗುವ ದಿಕ್ಕಿನದು, ಬರುವ ದಿಕ್ಕಿನದು ಸೇರಿ. ಒಂದೇ ಕರೆಗೆ ಒಂದು ಎಳೆಯೂ ಇರಬಹುದು, ಎರಡೂ ಇರಬಹುದು, ಒಂದೂ ಇಲ್ಲದಿರಬಹುದು.

ಎಳೆಯ ದಪ್ಪವನ್ನು ತೀರ್ಮಾನಿಸುವುದು ಕೋಡೆಕ್, ಅಂದರೆ ಮಾತನ್ನು ಅಂಕಿಗಳನ್ನಾಗಿ ಮಡಚುವ ವಿಧಾನ. ಹೆಚ್ಚು ಬಳಕೆಯಲ್ಲಿರುವ ಜಿ.711 ಮಾತನ್ನು ಒತ್ತುವುದಿಲ್ಲ, 64 ಕೆಬಿಪಿಎಸ್‌ನಲ್ಲಿ ಕಳಿಸುತ್ತದೆ. ಆದರೆ ಪತ್ರಕ್ಕೆ ಲಕೋಟೆ ಬೇಡವೇ? ಸೆಕೆಂಡಿಗೆ 50 ಪ್ಯಾಕೆಟ್. ಪ್ರತಿಯೊಂದರಲ್ಲೂ 160 ಬೈಟ್ ಮಾತು, ಅದರ ಮೇಲೆ 40 ಬೈಟ್ ವಿಳಾಸ ಇತ್ಯಾದಿ. ಅಲ್ಲಿಗೆ 80 ಕೆಬಿಪಿಎಸ್. ಕೇಬಲ್ ಮೇಲಿನ ಈಥರ್‌ನೆಟ್ ಲಕೋಟೆ ಸೇರಿದರೆ 87.2. ಒಂದು ಎಳೆಗೆ ಒಂದೊಂದು ದಿಕ್ಕಿಗೂ 100 ಎಂದು ಹಿಡಿಯಿರಿ, ಲೆಕ್ಕವೂ ಸುಲಭ.

ಜಿ.729 ಮಾತನ್ನು 8 ಕೆಬಿಪಿಎಸ್‌ಗೆ ಹಿಂಡುತ್ತದೆ. ಕೇಳಲು ಎಂಟು ಪಟ್ಟು ಉಳಿತಾಯ. ಆದರೆ ಲಕೋಟೆ ಅಷ್ಟೇ ದೊಡ್ಡದು: 20 ಬೈಟ್ ಮಾತಿಗೆ 40 ಬೈಟ್ ಲಕೋಟೆ! ಅಲ್ಲಿಗೆ 24, ಈಥರ್‌ನೆಟ್ ಲಕೋಟೆ ಸೇರಿ ತಂತಿಯ ಮೇಲೆ 31.2 ಕೆಬಿಪಿಎಸ್ ಆಗುತ್ತದೆ. 40 ಎಂದು ಹಿಡಿಯಿರಿ. ಶಾಖೆಯನ್ನು ವಿಪಿಎನ್ ಮೂಲಕ, ಅಂದರೆ ಗೂಢಲಿಪಿಯ ಸುರಂಗದ ಮೂಲಕ ಜೋಡಿಸಿದ್ದರೆ ಇನ್ನೊಂದು ಲಕೋಟೆ ಬೀಳುತ್ತದೆ. ವೈರ್‌ಗಾರ್ಡ್ ವಿಪಿಎನ್‌ನಲ್ಲಿ 24 ಕೆಬಿಪಿಎಸ್‌ನ ಜಿ.729 ಸುಮಾರು 50 ಆಗುತ್ತದೆ, 80ರ ಜಿ.711 ಸುಮಾರು 107. ಚಿಕ್ಕ ಪತ್ರಕ್ಕೇ ಲಕೋಟೆಯ ಹೊರೆ ಜಾಸ್ತಿ.

ಹಾಗಾದರೆ ಎಲ್ಲವನ್ನೂ ಜಿ.729 ಮಾಡಿಬಿಡೋಣವೇ? ಬೇಡ. ಹಿಂಡಿದ ಕೋಡೆಕ್‌ಗಳು ಮನುಷ್ಯನ ಗಂಟಲಿಗೆ ಅಂತಲೇ ಮಾಡಿದವು. ಹೋಲ್ಡ್ ಮ್ಯೂಸಿಕ್ಕನ್ನು ಅದರಲ್ಲಿ ಕಳಿಸಿದರೆ ಶಹನಾಯಿ ನೀರೊಳಗೆ ಮುಳುಗಿದ ಹಾಗೆ ಕೇಳುತ್ತದೆ. ಫ್ಯಾಕ್ಸ್ ಹೋಗುವುದೇ ಇಲ್ಲ. "ಕನ್ನಡಕ್ಕಾಗಿ 1 ಒತ್ತಿ" ಎನ್ನುವಲ್ಲಿ ಗ್ರಾಹಕ ಒತ್ತಿದ ಬಟನ್ ಸದ್ದು ಮಾತಿನ ಜೊತೆಯೇ ಬಂದರೆ ಪೆಟ್ಟಿಗೆಗೆ ಅರ್ಥವಾಗುವುದಿಲ್ಲ. ಸೆಟ್ಟಿಂಗ್‌ನಲ್ಲಿ ಡಿಟಿಎಂಎಫ್ (ಬಟನ್ ಸದ್ದು ಕಳಿಸುವ) ವಿಧಾನವನ್ನು ಆರ್‌ಎಫ್‌ಸಿ 2833 ಅಥವಾ 4733 ಎಂದು ಇಡಬೇಕು. ಟ್ರಂಕ್ ಜಿ.711, ಶಾಖೆ ಜಿ.729 ಆದರೆ ನಡುವೆ ಪೆಟ್ಟಿಗೆ ಪ್ರತಿ ಕರೆಯನ್ನೂ ಒಂದರಿಂದ ಇನ್ನೊಂದಕ್ಕೆ ಬದಲಿಸುತ್ತಾ ಕೂರಬೇಕು. ಇದಕ್ಕೆ ಟ್ರಾನ್ಸ್‌ಕೋಡಿಂಗ್ ಎನ್ನುತ್ತಾರೆ, ಸಣ್ಣ ಪೆಟ್ಟಿಗೆಗಳಿಗೆ ಇದರಲ್ಲಿ ಏದುಸಿರು ಬರುತ್ತದೆ. ಇಕ್ಕಟ್ಟಿನ ಸಂಪರ್ಕವಿರುವ ಶಾಖೆಗೆ ಮಾತ್ರ ಜಿ.729, ಉಳಿದೆಡೆ ಜಿ.711 ಎಂಬುದು ನನ್ನ ರೂಢಿ. ಮಾತಿಲ್ಲದಾಗ ಪ್ಯಾಕೆಟ್ ನಿಲ್ಲಿಸುವ "ಸೈಲೆನ್ಸ್ ಸಪ್ರೆಶನ್" ನಂಬಿ ಲೆಕ್ಕ ಹಾಕಬೇಡಿ; ಪದಗಳ ಮೊದಲ ಅಕ್ಷರ ನುಂಗುತ್ತದೆ.

4. ಪ್ರತಿ ಸೌಲಭ್ಯಕ್ಕೂ ಎಷ್ಟು ಎಳೆ?

ಇಲ್ಲಿ ನಿಧಾನವಾಗಿ ಓದಿ. ಹಾಳೆಯ ಮೇಲೆ ನಿಮ್ಮ ಅಂಗಡಿ, ಗೋದಾಮು, ಶಾಖೆ ಬಿಡಿಸಿಕೊಳ್ಳಿ. ಉದಾಹರಣೆಗೆ ಮಂಡಿಪೇಟೆಯಲ್ಲಿ ಅಂಗಡಿ, ಚಳ್ಳಕೆರೆಯಲ್ಲಿ ಶಾಖೆ ಎಂದುಕೊಳ್ಳೋಣ.

ಮೊದಲು ಪೆಟ್ಟಿಗೆ ಅಂಗಡಿಯಲ್ಲಿರುವವರ ಕಥೆ. ಕೌಂಟರಿನಿಂದ ಮೇಲಿನ ಮಹಡಿಯ ಸ್ಟಾಕ್ ರೂಮಿಗೆ ಕರೆ ಮಾಡಿದರೆ ಎಳೆ ಸೊನ್ನೆ, ಮಾತು ಒಳಗಿನ ಕೇಬಲ್ಲಿನಲ್ಲೇ ಮುಗಿಯುತ್ತದೆ. ಹೊರಗಿನ ಗ್ರಾಹಕ ಬಂದರೆ ಒಂದು.

ಹೋಲ್ಡ್‌ನಲ್ಲಿಟ್ಟರೆ? ಆಗಲೂ ಒಂದೇ, ಆದರೆ ಆ ಎಳೆ ಬಿಡುಗಡೆಯಾಗುವುದಿಲ್ಲ. ನಿಮ್ಮ ಮಾತಿನ ಬದಲು ನಿಮ್ಮದೇ ಪೆಟ್ಟಿಗೆಯಿಂದ ಸಂಗೀತ ಅಷ್ಟೇ ಭಾರದಲ್ಲಿ ಅಪ್‌ಲೋಡ್ ಆಗುತ್ತಿರುತ್ತದೆ. ಸರದಿಯಲ್ಲಿ ಕಾಯುವ ಗ್ರಾಹಕರದೂ ಇದೇ ಕಥೆ. ದೀಪಾವಳಿ ಮುಂಚಿನ ವಾರ ಎಂಟು ಜನ "ದಯವಿಟ್ಟು ನಿರೀಕ್ಷಿಸಿ" ಕೇಳುತ್ತಾ ನಿಂತರೆ, ಯಾರೂ ಮಾತಾಡದೆಯೇ 800 ಕೆಬಿಪಿಎಸ್ ಖರ್ಚು. ಸರದಿಯ ಉದ್ದಕ್ಕೆ ಮಿತಿ ಹಾಕುವ ಸೆಟ್ಟಿಂಗ್ ಇರುತ್ತದೆ. ಮೂರೋ ನಾಲ್ಕೋ ಇಡಿ. ಐದನೆಯವರಿಗೆ ಎಂಗೇಜ್ ಸದ್ದು ಕೇಳಿದರೆ ಅವರು ಮತ್ತೆ ಮಾಡುತ್ತಾರೆ. ಹರಿದ ಮಾತು ಕೇಳಿದವರು ಪಕ್ಕದ ಅಂಗಡಿಗೆ ಮಾಡುತ್ತಾರೆ.

ಮೊಬೈಲಿಗೆ ಫಾರ್ವರ್ಡ್: ಎರಡು ಎಳೆ. ಗ್ರಾಹಕನ ಮಾತು ಒಳಗೆ ಬಂದು, ಅಲ್ಲೇ ತಿರುಗಿ ಹೊರಗೆ ಹೋಗಿ ಸಾವ್ಕಾರ್ರ ಮೊಬೈಲ್ ಸೇರಬೇಕು. ಕಂಪನಿ ಕೊಟ್ಟ ಟ್ರಂಕ್ ಚಾನೆಲ್‌ಗಳಲ್ಲೂ ಎರಡು ಹೋಗುತ್ತವೆ; ಹತ್ತು ಚಾನೆಲ್ ಇದ್ದವರು ಐದು ಫಾರ್ವರ್ಡ್ ಕರೆಗೇ ಖಾಲಿ. ಕರೆಯನ್ನು ಕಂಪನಿಯ ಕಡೆಯಲ್ಲೇ ತಿರುಗಿಸಲು ಬರುತ್ತದೆಯೇ ಎಂದು ವಿಚಾರಿಸಿ. ಬಂದರೆ ನಿಮ್ಮ ತಂತಿಯ ಮೇಲೆ ಸೊನ್ನೆ ಎಳೆ.

ಟ್ರಾನ್ಸ್‌ಫರ್ ಎಲ್ಲಿಗೆ ಎನ್ನುವುದು ಮುಖ್ಯ. ಅಂಗಡಿಯೊಳಗೇ ಆದರೆ ಒಂದೇ ಎಳೆ. ಚಳ್ಳಕೆರೆ ಶಾಖೆಗಾದರೆ ಅಂಗಡಿಯ ತಂತಿಯ ಮೇಲೆ ಎರಡು (ಟ್ರಂಕಿನಿಂದ ಒಳಗೆ, ಶಾಖೆಗೆ ಹೊರಗೆ), ಶಾಖೆಯ ತಂತಿಯ ಮೇಲೆ ಒಂದು. ಶಾಖೆಯ ಹುಡುಗ ತಾನೇ ಹೊರಗಿನವರಿಗೆ ಕರೆ ಮಾಡಿದರೂ ಇದೇ ಲೆಕ್ಕ, ಅವನ ಮಾತು ಮಂಡಿಪೇಟೆ ಸುತ್ತಿಯೇ ಹೋಗುತ್ತದೆ. ಮೊದಲು ಕೇಳಿ ಆಮೇಲೆ ವರ್ಗಾಯಿಸುವ ಪದ್ಧತಿಯಲ್ಲಿ, ನೀವು ಶಾಖೆಯವರನ್ನು "ಮಾಲಿದೆಯಾ?" ಎಂದು ವಿಚಾರಿಸುವಾಗಲೂ ಹೋಲ್ಡ್‌ನಲ್ಲಿರುವ ಗ್ರಾಹಕನದೊಂದು, ಶಾಖೆಯದೊಂದು, ಒಟ್ಟು ಎರಡು ನಡೆದೇ ಇರುತ್ತವೆ.

ಇನ್ನು ಶಾಖೆಯ ಎರಡು ಫೋನುಗಳು ತಮ್ಮತಮ್ಮಲ್ಲೇ ಮಾತಾಡಿದರೆ? ಅಕ್ಕಪಕ್ಕದ ಟೇಬಲ್ಲಿನವರಾದರೂ ಮಾತು ಮಂಡಿಪೇಟೆಗೆ ಬಂದು ವಾಪಸ್ ಹೋಗಬಹುದು: ಎರಡೂ ಕಡೆ ಎರಡೆರಡು ಎಳೆ. ತಪ್ಪಿಸಲು "ಡೈರೆಕ್ಟ್ ಮೀಡಿಯಾ" ಎಂಬ ಸೆಟ್ಟಿಂಗ್ ಇದೆ. ಕರೆ ಸೇರಿಸುವುದಷ್ಟೇ ಪೆಟ್ಟಿಗೆಯ ಕೆಲಸ, ಮಾತು ಫೋನಿಂದ ಫೋನಿಗೆ ನೇರ. ಆದರೆ ಇಲ್ಲೊಂದು ಕಣ್ಣಿಗೆ ಕಾಣದ ಗುಂಡಿಯಿದೆ. ಎಲ್ಲ ಕರೆಗೂ ರೆಕಾರ್ಡಿಂಗ್ ಹಾಕಿದ ದಿನವೇ ಡೈರೆಕ್ಟ್ ಮೀಡಿಯಾ ಸತ್ತ ಹಾಗೆ. ರೆಕಾರ್ಡ್ ಆಗಬೇಕಾದರೆ ಮಾತು ಪೆಟ್ಟಿಗೆಯ ಮೂಲಕವೇ ಹಾಯಬೇಕು. "ರೆಕಾರ್ಡಿಂಗ್ ಬರೀ ಹಾರ್ಡ್ ಡಿಸ್ಕ್ ವಿಷಯ, ಇಂಟರ್‌ನೆಟ್ಟಿಗೇನು?" ಎನ್ನುವವರು ಇಲ್ಲಿ ಎಡವುತ್ತಾರೆ. ಹೊರಗಿನ ಕರೆಗಳಿಗೆ ಮಾತ್ರ ರೆಕಾರ್ಡಿಂಗ್ ಇಡಿ.

ರೆಕಾರ್ಡಿಂಗಿನ ಇನ್ನೊಂದು ಹೊರೆ ಫೈಲ್ ಸಾಗಣೆ. ಸಾಮಾನ್ಯ ವೇವ್ ಫೈಲ್ ನಿಮಿಷಕ್ಕೆ ಸುಮಾರು 1 ಎಂಬಿ. ದಿನಕ್ಕೆ 300 ನಿಮಿಷ ಮಾತಾದರೆ 300 ಎಂಬಿ ಹತ್ತಿರ. 5 ಎಂಬಿಪಿಎಸ್ ಅಪ್‌ಲೋಡ್ ಪೂರ್ತಿ ಬಳಸಿದರೂ ಎಂಟು ನಿಮಿಷ ಬೇಕು. ಪ್ರತಿ ಕರೆ ಮುಗಿದ ಕೂಡಲೇ ಕ್ಲೌಡಿಗೆ ಏರಿಸುವ ಆಯ್ಕೆ ಇದ್ದರೆ ಆಫ್ ಮಾಡಿ, ರಾತ್ರಿ ಹನ್ನೊಂದರ ನಂತರಕ್ಕೆ ಹಾಕಿ. ವಾಯ್ಸ್‌ಮೇಲನ್ನು ಇಮೇಲಿಗೆ ಕಳಿಸುವುದಕ್ಕೂ ಇದೇ ಮಾತು.

ಈಗ ಪೆಟ್ಟಿಗೆ ಕ್ಲೌಡ್‌ನಲ್ಲಿರುವವರು. ನಿಮಗೆ ಲೆಕ್ಕ ತಲೆಕೆಳಗು. ಮೊಬೈಲಿಗೆ ಫಾರ್ವರ್ಡ್ ಸೊನ್ನೆ ಎಳೆ. ಕರೆ ಅಂಗಡಿಗೆ ಬರುವುದೇ ಇಲ್ಲ. ಸರದಿಯಲ್ಲಿ ಹತ್ತು ಜನ ಕಾದರೂ ಸೊನ್ನೆ. ಹೋಲ್ಡ್ ಸಂಗೀತವೂ ಸರ್ವರಿನಿಂದ ನೇರ ಗ್ರಾಹಕನಿಗೆ. ಹೊಡೆತ ಬೀಳುವುದು ಒಳಗಿನ ಕರೆಗಳಲ್ಲಿ: ಕೌಂಟರಿನಿಂದ ಸ್ಟಾಕ್ ರೂಮಿಗೆ ಮಾಡಿದ ಕರೆ ಬೆಂಗಳೂರಿಗೆ ಹೋಗಿ ಬರುವುದರಿಂದ ಎರಡು ಎಳೆ. ಬಟ್ಟೆ ಅಂಗಡಿಯಲ್ಲಿ ಗಿರಾಕಿ ಮುಂದೆ ಕೂತಾಗ "ಆ ಮೈಸೂರು ಸಿಲ್ಕ್ ಹಸಿರು ಕಳಿಸು" ಎಂಬ ಕರೆ ದಿನಕ್ಕೆ ಎಷ್ಟು ಸಲ ಅಂತ ಎಣಿಸಿದ್ದೀರಾ? ಹೊರಗಿನ ಕರೆಗಿಂತ ಅದೇ ಹೆಚ್ಚಿರುತ್ತದೆ. ಒಳಗಿನ ಮಾತು ಒಳಗೇ ಉಳಿಯುವಂತೆ ಮಾಡಲು ಬರುತ್ತದೆಯೇ ಎಂದು ಕ್ಲೌಡ್ ಕಂಪನಿಯನ್ನು ಕೇಳಿ. ಬರದಿದ್ದರೆ ಹಳೆಯ ಇಂಟರ್‌ಕಾಮ್ ತೆಗೆಯಬೇಡಿ, ಒಳಮಾತಿಗೆ ಅದೇ ಇರಲಿ.

ಕಾನ್ಫರೆನ್ಸಿನಲ್ಲಿ ಕ್ಲೌಡ್‌ನವರು ಅಂಗಡಿಯೊಳಗಿನ ಸದಸ್ಯರನ್ನು ಎಣಿಸಿ, ಪೆಟ್ಟಿಗೆ ಇಟ್ಟುಕೊಂಡವರು ಹೊರಗಿನ ಸದಸ್ಯರನ್ನು ಎಣಿಸಿ, ತಲೆಗೊಂದು ಎಳೆ. ಒಂದೇ ಕೋಣೆಯಲ್ಲಿರುವ ನಾಲ್ವರು ನಾಲ್ಕು ಫೋನಿನಿಂದ ಸೇರುವುದು ದಂಡ, ಒಂದು ಸ್ಪೀಕರ್ ಫೋನ್ ಸಾಕು. ಎಲ್ಲ ಫೋನಿನಲ್ಲೂ ಒಟ್ಟಿಗೆ ಕೂಗುವ ಪೇಜಿಂಗ್ ಕೂಡ ಕ್ಲೌಡ್‌ನಲ್ಲಿ ಫೋನಿಗೊಂದು ಎಳೆ ತಿನ್ನುತ್ತದೆ. ಕ್ಯಾಮೆರಾ ಇರುವ ಫೋನುಗಳಲ್ಲಿ ವಿಡಿಯೊ ಕರೆ ಮುಚ್ಚಿಬಿಡಿ. ಒಂದು ವಿಡಿಯೊ ಹತ್ತು ಹದಿನೈದು ಮಾತಿನ ಎಳೆಗಳ ಜಾಗ ಹಿಡಿಯಬಲ್ಲದು.

ಸುಮ್ಮನೆ ಹೆದರುವ ಎರಡು ವಿಷಯ: ಒಂದು ಕರೆಗೆ ಎಂಟು ಫೋನ್ ಒಟ್ಟಿಗೆ ರಿಂಗ್ ಆಗುವುದು, ಮತ್ತು ಯಾರು ಮಾತಿನಲ್ಲಿದ್ದಾರೆ ಎಂದು ತೋರಿಸುವ ಕೆಂಪು ದೀಪ. ಎರಡೂ ಬರೀ ಸಣ್ಣ ಸಂದೇಶಗಳು. ಎತ್ತಿದವರೊಬ್ಬರಿಗೇ ಎಳೆ.

5. ಲೆಕ್ಕ ಕೂಡಿಸಿ, ಮಿತಿ ಹಾಕಿ

ಅಳೆದ ಅಪ್‌ಲೋಡಿನ ಮೂರರಲ್ಲಿ ಒಂದು ಪಾಲು ಮಾತಿಗೆ. ಕಡಿಮೆ ಎನಿಸಬಹುದು, ಆದರೆ ಉಳಿದದ್ದು ಬಿಲ್ಲಿಂಗ್, ವಾಟ್ಸ್‌ಆ್ಯಪ್, ಸಿಸಿಟಿವಿ ಎಲ್ಲಕ್ಕೂ ಬೇಕು. 5 ಎಂಬಿಪಿಎಸ್ ಇದ್ದರೆ ಮಾತಿಗೆ 1.6, ಅಂದರೆ 1600 ಕೆಬಿಪಿಎಸ್; ಎಳೆಗೆ ನೂರರಂತೆ 16 ಎಳೆ.

ಅಂಗಡಿಯಲ್ಲೇ ಪೆಟ್ಟಿಗೆ ಇರುವವರ ಒಂದು ಬಿರುಸಿನ ಹೊತ್ತು ನೋಡಿ: ಆರು ಜನ ಗ್ರಾಹಕರೊಂದಿಗೆ ಮಾತಿನಲ್ಲಿ (6 ಎಳೆ), ಇಬ್ಬರು ಹೋಲ್ಡ್‌ನಲ್ಲಿ (2), ಎರಡು ಕರೆ ಸಾವ್ಕಾರ್ರ ಮನೆಯವರ ಮೊಬೈಲುಗಳಿಗೆ ಫಾರ್ವರ್ಡ್ (4), ಚಳ್ಳಕೆರೆ ಶಾಖೆಯವರ ಎರಡು ಹೊರಗಿನ ಕರೆ (4). ಕರೆ 12, ಎಳೆ 16. ತಟ್ಟೆ ತುಂಬಿತು. ಎಫ್‌ಯುಪಿ ಮುಗಿದು ಅಪ್‌ಲೋಡ್ 2 ಎಂಬಿಪಿಎಸ್‌ಗೆ ಇಳಿದ ದಿನ ಇದೇ ಅಂಗಡಿಗೆ ಸಿಗುವುದು ಆರೇ ಎಳೆ.

ತುಂಬಿದ ಮೇಲೆ ಇನ್ನೊಂದು ಕರೆ ಒಳಗೆ ಬಿಟ್ಟರೆ ಆ ಒಬ್ಬರ ಮಾತು ಮಾತ್ರ ಕೆಡುವುದಿಲ್ಲ. ಮಾತಿನ ಪ್ಯಾಕೆಟ್‌ಗಳಿಗೆ ಮುಖ ನೋಡಿ ಮಣೆ ಹಾಕುವವರಿಲ್ಲ, ಎಲ್ಲರದೂ ಸ್ವಲ್ಪ ಸ್ವಲ್ಪ ಬಿದ್ದು ಹೋಗುತ್ತದೆ. ಹದಿನೇಳನೆಯವರಿಂದ ಹದಿನೇಳೂ ಜನರಿಗೆ ಹರಕು ಮಾತು. ಅದಕ್ಕೇ ಪೆಟ್ಟಿಗೆಯಲ್ಲಿ ಮಿತಿ ಹಾಕುವುದು. ಟ್ರಂಕ್ ಸೆಟ್ಟಿಂಗ್‌ನಲ್ಲಿ "ಮ್ಯಾಕ್ಸಿಮಮ್ ಚಾನೆಲ್ಸ್" ಎಂಬಂಥ ಜಾಗ ಹುಡುಕಿ.

ಇದರಲ್ಲಿ ಎರಡು ಮೋಸ. ಕೆಲವು ಪೆಟ್ಟಿಗೆಗಳಲ್ಲಿ ಆ ಮಿತಿ ಹೊರಹೋಗುವ ಕರೆಗೆ ಮಾತ್ರ, ಒಳಬರುವುದು ಎಗ್ಗಿಲ್ಲದೆ ಬರುತ್ತದೆ. ಹಾಗಿದ್ದರೆ ಕಂಪನಿಗೇ ಹೇಳಿ ಚಾನೆಲ್ ಸಂಖ್ಯೆ ಇಳಿಸಿ. ಎರಡನೆಯದು, ಶಾಖೆಗೆ ಹೋಗುವ ಎಳೆಗಳು ಟ್ರಂಕಿನ ಮಿತಿಯಲ್ಲಿ ಸೇರುವುದಿಲ್ಲ. ಹದಿನಾರು ಎಳೆ ನಿಮ್ಮ ಮಿತಿಯಾದರೆ ಟ್ರಂಕಿಗೆ ಹನ್ನೆರಡು ಹಾಕಿ ನಾಲ್ಕನ್ನು ಶಾಖೆಗೆ ಉಳಿಸಿ. ಹೆಚ್ಚು ಚಾನೆಲ್ ಕೊಂಡರೆ ಒಳ್ಳೆಯದಲ್ಲವೇ ಎಂದು ಮಾರಾಟದವರು ಹೇಳುತ್ತಾರೆ. ತಂತಿ ಹೊರಲಾರದಷ್ಟು ಚಾನೆಲ್ ದುಡ್ಡು ಕೊಟ್ಟು ತಂದ ತಲೆನೋವು.

6. ರೂಟರಿನಲ್ಲಿ ಮಾತಿಗೆ ಮೊದಲ ಸರದಿ

ಇದಕ್ಕೆ ಕ್ಯೂಒಎಸ್ ಎನ್ನುತ್ತಾರೆ. ಅಳೆದ ಅಪ್‌ಲೋಡಿನ ನೂರಕ್ಕೆ 85ರಿಂದ 90ರಷ್ಟನ್ನೇ ರೂಟರಿನಲ್ಲಿ ಗರಿಷ್ಠ ವೇಗ ಎಂದು ನಮೂದಿಸಿ. ಇದ್ದದ್ದನ್ನೂ ಯಾಕೆ ಕಡಿಮೆ ಮಾಡಬೇಕು ಎನ್ನಬೇಡಿ: ಸರದಿ ನಿಮ್ಮ ರೂಟರಿನಲ್ಲೇ ನಿಂತರೆ ಯಾರನ್ನು ಮುಂದೆ ಬಿಡಬೇಕೆಂದು ನೀವು ಹೇಳಬಹುದು, ಕಂಪನಿಯ ಪೆಟ್ಟಿಗೆಯಲ್ಲಿ ನಿಂತರೆ ನಿಮ್ಮ ಮಾತು ಕೇಳುವವರಿಲ್ಲ. ಫೋನುಗಳಲ್ಲಿ ಮಾತಿನ ಪ್ಯಾಕೆಟ್‌ಗೆ ಡಿಎಸ್‌ಸಿಪಿ 46 ಎಂಬ ಗುರುತು ಹಾಕಿ, ರೂಟರಿನಲ್ಲಿ ಆ ಗುರುತಿಗೆ ಮೊದಲ ಸರದಿ ಕೊಡಿ. ಮೈಕ್ರೋಟಿಕ್ ರೂಟರುಗಳ ಹೊಸ ಆವೃತ್ತಿಗಳಲ್ಲೂ ಓಪನ್‌ಡಬ್ಲ್ಯುಆರ್‌ಟಿ ಎಂಬ ರೂಟರ್ ತಂತ್ರಾಂಶದಲ್ಲೂ ಕೇಕ್ ಎಂಬ ವಿಧಾನ ಸಿಗುತ್ತದೆ, ಅದು ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಇಂಟರ್‌ನೆಟ್ ಜೊತೆ ಬಿಟ್ಟಿ ಬಂದ ರೂಟರಿನಲ್ಲಿ ಈ ಯಾವುದೂ ಇಲ್ಲದಿದ್ದರೆ, ದೊಡ್ಡ ಪ್ಲಾನ್ ಕೊಳ್ಳುವ ದುಡ್ಡಿನಲ್ಲಿ ಒಳ್ಳೆಯ ರೂಟರ್ ಕೊಳ್ಳಿ.

ಎಸ್‌ಐಪಿ ಎಎಲ್‌ಜಿ (ಕರೆಯ ಸಂದೇಶಗಳನ್ನು ರೂಟರೇ ತಿದ್ದುವ ಸೌಲಭ್ಯ) ಎಂಬ ಆಯ್ಕೆ ಕಂಡರೆ ಆಫ್ ಮಾಡಿ. ಸಹಾಯ ಮಾಡಲೆಂದು ಇಟ್ಟದ್ದು, ಹೆಚ್ಚಿನ ಕಡೆ ಉಪದ್ರವವನ್ನೇ ಮಾಡುತ್ತದೆ.

ಮತ್ತೆ ಸಿಸಿಟಿವಿ. ಸಾವ್ಕಾರ್ರು ಮನೆಯಲ್ಲಿ ಕೂತು ಮೊಬೈಲಿನಲ್ಲಿ ನಾಲ್ಕು ಕ್ಯಾಮೆರಾ ತೆರೆದರೆ ಆ ವಿಡಿಯೊ ಅಷ್ಟೂ ಅಂಗಡಿಯ ಅಪ್‌ಲೋಡ್. ಹೊರಗಿನಿಂದ ನೋಡಲು ಮೇನ್ ಸ್ಟ್ರೀಮ್ ಬದಲು ಸಬ್ ಸ್ಟ್ರೀಮ್ (ಸ್ಪಷ್ಟತೆ ಕಡಿಮೆಯಿರುವ ಹಗುರ ವಿಡಿಯೊ) ಇಡಿ. ಲೆಕ್ಕಪತ್ರದ ಬ್ಯಾಕಪ್ಪನ್ನು ಅಂಗಡಿ ಮುಚ್ಚಿದ ಮೇಲೆ ಓಡಿಸಿ.

7. ಪರೀಕ್ಷಿಸಿ, ಕೇಡು ಎಲ್ಲಿಯದೆಂದು ಗುರುತಿಸಿ

ಒಬ್ಬರು ಹೊರಗಿನ ಮೊಬೈಲಿನಿಂದ ಕರೆ ಮಾಡಲಿ. ಮಾತಾಡುತ್ತಿರುವಾಗ ದೊಡ್ಡ ಫೈಲ್ ಏರಿಸಿ, ಹೋಲ್ಡ್ ಮಾಡಿ, ಶಾಖೆಗೆ ಟ್ರಾನ್ಸ್‌ಫರ್ ಮಾಡಿ, ಮೊಬೈಲಿಗೆ ಫಾರ್ವರ್ಡ್ ಮಾಡಿ. ಆಮೇಲೆ ಮಿತಿಗಿಂತ ಒಂದು ಹೆಚ್ಚು ಕರೆ ಮಾಡಿ ನೋಡಿ, ಎಂಗೇಜ್ ಸದ್ದು ಬರಬೇಕು.

ಗ್ರಾಹಕರಿಗೆ ನಿಮ್ಮ ಮಾತು ಹರಿದು ಕೇಳಿ, ಅವರದು ನಿಮಗೆ ಸರಿಯಾಗಿ ಕೇಳಿದರೆ ಅಪ್‌ಲೋಡ್ ದೋಷ. ನಿಮಗೇ ಹರಿದು ಕೇಳಿದರೆ ಡೌನ್‌ಲೋಡ್, ಇಲ್ಲವೇ ಆ ಫೋನಿನ ವೈಫೈ. ಒಂದು ಕಡೆ ಪೂರ್ತಿ ನಿಶ್ಶಬ್ದವಾದರೆ, ಅಥವಾ ಪ್ರತಿ ಕರೆಯೂ ಸರಿಯಾಗಿ 32 ಸೆಕೆಂಡಿಗೆ ಕಟ್ ಆದರೆ ಅದು ಬ್ಯಾಂಡ್‌ವಿಡ್ತ್ ಅಲ್ಲವೇ ಅಲ್ಲ, ರೂಟರಿನ ವಿಳಾಸ ಬದಲಾವಣೆಯ ಗೊಂದಲ. ದೊಡ್ಡ ಪ್ಲಾನ್ ಕೊಂಡು ದುಡ್ಡು ಸುಡಬೇಡಿ. ಪೆಟ್ಟಿಗೆಯ ವರದಿಯಲ್ಲಿ ಪ್ಯಾಕೆಟ್ ನಷ್ಟ ನೂರಕ್ಕೆ 1, ಜಿಟರ್ (ಪ್ಯಾಕೆಟ್‌ಗಳು ಬರುವ ಅಂತರದ ಏರುಪೇರು) 30 ಮಿಲಿಸೆಕೆಂಡ್ ದಾಟದಿದ್ದರೆ ನೆಮ್ಮದಿ.

8. ಕರೆಂಟ್ ಹೋದಾಗ, ಫೈಬರ್ ತುಂಡಾದಾಗ

ಬೆಸ್ಕಾಂ ಕರೆಂಟ್ ಹೋದರೆ ಫೋನ್ ಪೆಟ್ಟಿಗೆಯೊಂದಕ್ಕೇ ಯುಪಿಎಸ್ ಇದ್ದು ಉಪಯೋಗವಿಲ್ಲ. ಗೋಡೆಯ ಮೇಲಿನ ಫೈಬರ್ ಡಬ್ಬಿ, ರೂಟರ್, ಫೋನುಗಳಿಗೆ ಕರೆಂಟ್ ಕೊಡುವ ಸ್ವಿಚ್, ಪೆಟ್ಟಿಗೆಯೂ ಸೇರಿ ನಾಲ್ಕೂ ಒಂದೇ ಯುಪಿಎಸ್ ಮೇಲಿರಲಿ.

ರಸ್ತೆ ಅಗೆದು ಫೈಬರ್ ತುಂಡಾದಾಗ 4ಜಿ ಸಿಮ್ಮಿಗೆ ತಾನಾಗಿ ಬದಲಾಗುವ ರೂಟರ್ ಇದ್ದರೆ, ಆ ಹೊತ್ತಿಗೆ ಬೇರೆಯೇ ಮಿತಿ ಬೇಕು. ನಾನು ಮೂರು ಎಳೆಗಿಂತ ಹೆಚ್ಚು ಇಡುವುದಿಲ್ಲ. ಮೊಬೈಲ್ ಅಪ್‌ಲೋಡ್ ಗಳಿಗೆಗೊಂದು ಥರ. ಪೆಟ್ಟಿಗೆ ಅಂಗಡಿಯಲ್ಲಿದ್ದರೆ ಫಾರ್ವರ್ಡ್‌ಗಳನ್ನು ಆಗ ತೆಗೆದುಬಿಡಿ. ನಿಮ್ಮ ಟ್ರಂಕ್ ಒಂದೇ ಸ್ಥಿರ ವಿಳಾಸಕ್ಕೆ ಕಟ್ಟಿಹಾಕಿದ್ದಾದರೆ 4ಜಿ ಮೇಲೆ ಅದು ಏಳುವುದೇ ಇಲ್ಲ. ಲೈನ್ ಸತ್ತಾಗ ಕರೆಗಳನ್ನು ಯಾವ ಮೊಬೈಲಿಗೆ ತಿರುಗಿಸಬೇಕು ಎಂದು ಕಂಪನಿಯವರಲ್ಲಿ ಮೊದಲೇ ಬರೆಸಿಡಿ, ಒಂದು ಭಾನುವಾರ ಫೈಬರ್ ಕಿತ್ತು, ಹೊರಗಿನಿಂದ 08192 ಸೇರಿಸಿ ನಿಮ್ಮ ಅಂಗಡಿ ನಂಬರಿಗೆ ಕರೆ ಮಾಡಿ, ಆ ಮೊಬೈಲ್ ರಿಂಗ್ ಆಗುತ್ತದೆಯೇ ನೋಡಿ.